ಇಂಗ್ಲಿಷ್ ರೆಗ್ಯುಲರ್ ಕ್ರಿಯಾಪದಕ್ಕೆ ಇರೋದು ನಾಲ್ಕೇ ರೂಪ

ಮನೆಯಲ್ಲಿ ಮಕ್ಕಳಿಗೆ ಟೆನ್ಸ್ ಹೇಳಿಕೊಡುವವರಿಗೆ ಒಂದು ಸಲಹೆ. 12 ಟೆನ್ಸ್‌ಗಳ ಚಾರ್ಟ್ ಕೊಟ್ಟು ಸುಮ್ನೆ ಬಾಯಿಪಾಠ ಮಾಡಿಸಬೇಡಿ. ರೆಗ್ಯುಲರ್ ಕ್ರಿಯಾಪದ (ಭೂತಕಾಲಕ್ಕೆ ಕೊನೆಯಲ್ಲಿ ಇ-ಡಿ ಸೇರುವಂಥದ್ದು) ಆದರೆ ನಾಲ್ಕೇ ರೂಪ: ವಾಕ್, ವಾಕ್ಸ್, ವಾಕ್ಟ್, ವಾಕಿಂಗ್. ನಮ್ಮಲ್ಲಿ ನಡೆದೆ, ನಡೆದೆವು, ನಡೆದಳು, ನಡೆದರು ಅಂತ ಬದಲಾಗುತ್ತಾ ಹೋಗುತ್ತೆ ಅಲ್ವಾ? ಅಲ್ಲಿ ಐ, ವಿ, ಶಿ, ದೇ ಎಲ್ಲಕ್ಕೂ ಒಂದೇ ವಾಕ್ಟ್. ಉಳಿದ ಕೆಲಸ ಮುಂದೆ ಬರುವ ಪುಟ್ಟ ಪದಗಳದ್ದು: ವಿಲ್ ವಾಕ್, ಹ್ಯಾವ್ ವಾಕ್ಟ್, ವಾಸ್ ವಾಕಿಂಗ್.

ಮಕ್ಕಳು ಜಾಸ್ತಿ ಎಡವೋದು 'ಡಿಡ್' ಹತ್ತಿರ. 'ಡಿಡ್ ಯು ವಾಕ್ಟ್?' ಅಂತಾರೆ. ಭೂತಕಾಲ ಡಿಡ್‌ನಲ್ಲೇ ಬಂದುಬಿಟ್ಟಿದೆ, ಮತ್ತೆ ಹೇಳೋದು ಬೇಡ. 'ಡಿಡ್ ಯು ವಾಕ್?' ಅಷ್ಟೇ. 'ಡಸ್' ಬಂದಾಗಲೂ ಹಾಗೇ, ಕೊನೆಯ ಎಸ್ ಬಿದ್ದುಹೋಗುತ್ತೆ: 'ಡಸ್ ಶಿ ವಾಕ್?'

ಇನ್ನು ಉಚ್ಚಾರಣೆ. ಬರೆಯೋದು ಒಂದೇ ಇ-ಡಿ, ಕೇಳಿಸೋದು ಮೂರು ಥರ: ವಾಕ್ಟ್, ಪ್ಲೇಡ್, ವಾಂಟಿಡ್. ಮೂಲ ಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದರೆ ಮಾತ್ರ 'ಇಡ್'. ಉಳಿದವಕ್ಕೆ ಗಂಟಲ ಮೇಲೆ ಬೆರಳಿಟ್ಟು ಕೊನೆಯ ಸದ್ದನ್ನು ಹೇಳಿಸಿ. ಕ್, ಪ್, ಶ್ ಹೇಳುವಾಗ ಗಂಟಲು ಅದುರಲ್ಲ, ಅಲ್ಲಿ 'ಟ್'. ಅದುರಿದರೆ 'ಡ್'. ಕುಕ್ಕೆಡ್, ವಾಷೆಡ್ ಅನ್ನೋದು ಇದರಿಂದಲೇ ಎಷ್ಟೋ ಕಮ್ಮಿಯಾಗುತ್ತೆ.

ಆಜ್ಞೆ ಕೊಡುವಾಗ ಬರೀ ವಾಕ್ ಸಾಕು. 'ಐ ಸಜೆಸ್ಟ್ ದಟ್ ಹಿ ವಾಕ್' ಅಂತ ಎಸ್ ಇಲ್ಲದ ವಾಕ್ಯವೂ ಸರಿಯೇ. ಅದನ್ನು ಚಿಕ್ಕ ಮಕ್ಕಳಿಗೆ ಈಗಲೇ ಹೇಳಿ ಗೊಂದಲ ಮಾಡಬೇಡಿ, ಹೈಸ್ಕೂಲಿಗೆ ಬಂದ ಮೇಲೆ ನೋಡಿಕೊಂಡರಾಯಿತು.