ಸೀನಿದರೆ ಮೂತ್ರ ಸೋರುತ್ತಿದೆಯಾ? ಈ ವ್ಯಾಯಾಮ ಹೀಗೆ ಮಾಡಿ

ಎರಡನೇ ಹೆರಿಗೆ ಆದ ಮೇಲೆ ಸೀನಿದರೂ, ಜೋರಾಗಿ ನಕ್ಕರೂ ನನಗೆ ಮೂತ್ರ ಸೋರುತ್ತಿತ್ತು. ಲಾಲ್‌ಬಾಗ್‌ಗೆ ವಾಕಿಂಗ್ ಹೋಗುವುದನ್ನೇ ಬಿಟ್ಟೆ. ನಾಚಿಕೆಯಿಂದ ಆರು ವರ್ಷ ಯಾರಿಗೂ ಹೇಳಲಿಲ್ಲ. ನೀವು ಹಾಗೆ ಮಾಡಬೇಡಿ. ಆಪರೇಷನ್ ಇಲ್ಲದೆಯೇ ಎಷ್ಟೋ ಹೆಂಗಸರಿಗೆ ಇದು ಕಡಿಮೆಯಾಗುತ್ತದೆ.

ಇದು ಮೂತ್ರ ತಡೆಯುವ ಕೆಳಭಾಗದ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ. ಮೊದಲು ಆ ಸರಿಯಾದ ಸ್ನಾಯು ಹುಡುಕಿ. ಗ್ಯಾಸ್ ತಡೆಯುವಾಗ ಹಿಂದೆ ಬಿಗಿಯಾಗುತ್ತದೆ ಅಲ್ವಾ? ಜೊತೆಗೆ ಮೂತ್ರವನ್ನೂ ತಡೆದಂತೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆ, ತೊಡೆ ಸಡಿಲವಾಗಿರಲಿ. ಉಸಿರು ಕಟ್ಟಬೇಡಿ. ಮೊದಲ ತಿಂಗಳು ನಾನು ಹೊಟ್ಟೆಯನ್ನೇ ಬಿಗಿ ಹಿಡಿದು ಸುಮ್ನೆ ದಣಿದೆ. ಫಿಸಿಯೋಥೆರಪಿಸ್ಟ್ ಪರೀಕ್ಷೆ ಮಾಡಿ ತಿದ್ದಿದ ಮೇಲೆ ಗೊತ್ತಾಯಿತು. ಒಮ್ಮೆಯಾದರೂ ಅವರಿಗೆ ತೋರಿಸಿ.

ಹೀಗೆ ಬಿಗಿದು ಬಿಡುವುದನ್ನು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ ಮಾಡಿ. ಶುರುವಿನಲ್ಲಿ 3 ಸೆಕೆಂಡ್ ಹಿಡಿದರೆ ಸಾಕು, ನಿಧಾನವಾಗಿ 10ಕ್ಕೆ ಏರಿಸಿ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ನಾನು ಹಾಲು ಕಾಯುವಾಗ, ಬಿಎಂಟಿಸಿ ಬಸ್ಸಿನಲ್ಲಿ ಸೀಟು ಸಿಕ್ಕಾಗ, ರಾತ್ರಿ ಮಲಗಿದಾಗ ಮಾಡುತ್ತೇನೆ. ಕನಿಷ್ಠ 3 ತಿಂಗಳು ಬಿಡದೆ ಮಾಡಿ. ಮೂತ್ರ ಹೋಗುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವುದು ಮಾತ್ರ ಬೇಡ.

ಕೆಮ್ಮು ಬರುವ ಮುಂಚೆ, ನೀರಿನ ಕ್ಯಾನ್ ಎತ್ತುವ ಮುಂಚೆ ಬಿಗಿದುಕೊಳ್ಳಿ. ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು.

ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ಗುಣ ಕಾಣುತ್ತದೆ. ಮಲಬದ್ಧತೆ ಇದ್ದರೆ ಸರಿಪಡಿಸಿಕೊಳ್ಳಿ. ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ. ವ್ಯಾಯಾಮ ಸಾಲದಿದ್ದರೆ ಯೋನಿಯೊಳಗೆ ಇಡುವ ಪೆಸರಿ ಎಂಬ ಸಾಧನವೂ ಇದೆ, ಡಾಕ್ಟರನ್ನು ಕೇಳಿ. ಮೂತ್ರದಲ್ಲಿ ರಕ್ತ, ಉರಿ ಅಥವಾ ನೋವು ಕಂಡರೆ ವ್ಯಾಯಾಮಕ್ಕೆ ಕಾಯದೆ ಮೊದಲು ಅವರನ್ನೇ ನೋಡಿ.