ಕಣ್ಣು ಎಳೆಯುತ್ತಿದ್ದರೆ ಗಾಡಿ ನಿಲ್ಲಿಸಿ: ಡ್ರೈವರ್‌ಗಳಿಗೆ, ಡ್ಯೂಟಿ ಹಾಕುವವರಿಗೆ

ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ನಿಮಗೆ ಬರೀ 4 ಸೆಕೆಂಡು ಜೋಂಪು ಹತ್ತಿತು ಅಂದುಕೊಳ್ಳಿ. ಸುಮಾರು 90 ಮೀಟರ್ ಆ ಗಾಡಿಗೆ ಡ್ರೈವರ್ರೇ ಇಲ್ಲ. ಬ್ರೇಕ್ ಮೇಲೆ ಕಾಲು ಹೋಗುವುದಿಲ್ಲ, ಸ್ಟೇರಿಂಗ್ ತಿರುಗುವುದಿಲ್ಲ. ಇಂಥ ಜೋಂಪು ಕಣ್ಣು ತೆರೆದಿದ್ದಾಗಲೂ ಬರುತ್ತದೆ, ಎಷ್ಟೋ ಸಲ ಬಂದು ಹೋಗಿದ್ದು ನಮಗೇ ಗೊತ್ತಾಗುವುದಿಲ್ಲ.

ಹಾಗಾಗಿ ತೂಕಡಿಕೆ ಬರುವವರೆಗೆ ಕಾಯಬೇಡಿ. ಅದಕ್ಕೆ ಮೊದಲೇ ಮೈ ಸೂಚನೆ ಕೊಡುತ್ತದೆ. ಆಕಳಿಕೆ ನಿಲ್ಲುವುದಿಲ್ಲ, ಕಣ್ಣು ಉರಿಯುತ್ತದೆ, ತಿರುಗಬೇಕಾದ ಕಡೆ ತಿರುಗದೆ ಮುಂದೆ ಹೋಗುತ್ತೀರಿ, ಗಾಡಿ ಪಕ್ಕದ ಲೇನಿಗೆ ಸರಿಯುತ್ತದೆ, ವೇಗ ಸುಮ್ನೆ ಏರಿಳಿಯುತ್ತದೆ. ಹಿಂದಿನ ನಾಲ್ಕೈದು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪೇ ಬರದಿದ್ದರೆ ಇನ್ನು ಯೋಚನೆ ಮಾಡುವುದೇನೂ ಇಲ್ಲ. ಮುಂದೆ ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಕಿಟಕಿ ಇಳಿಸುವುದು, ಹಾಡಿನ ಸೌಂಡು ಜಾಸ್ತಿ ಮಾಡುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು, ಇವೆಲ್ಲ ಕೆಲವೇ ನಿಮಿಷದ ಆಟ. ಎಚ್ಚರ ಆಯಿತು ಅನ್ನುವ ಧೈರ್ಯ ಬರುತ್ತದೆ, ನಿದ್ದೆ ಮಾತ್ರ ಹಾಗೇ ಒಳಗೆ ಕೂತಿರುತ್ತದೆ. ನಿಜವಾಗಿ ಕೆಲಸ ಮಾಡುವುದು ಇದು: ಗಾಡಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ತಕ್ಷಣ 15ರಿಂದ 20 ನಿಮಿಷ ಮಲಗಿ. ಕಾಫಿ ಕುಡಿದು ಮಲಗುವುದಾ ಅನಿಸುತ್ತದೆ, ಅಲ್ವಾ? ಕಾಫಿಯ ಕೆಫೀನ್ ಮೈಗೆ ಹತ್ತಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ನೀವು ಏಳುವ ಹೊತ್ತಿಗೆ ಎರಡೂ ಒಟ್ಟಿಗೆ ಕೈಹಿಡಿಯುತ್ತವೆ. ಅಲಾರಂ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಮಲಗಿದರೆ ಗಾಢ ನಿದ್ದೆಯ ನಡುವೆ ಏಳಬೇಕಾಗುತ್ತದೆ, ತಲೆ ಮಂಕಾಗಿರುತ್ತದೆ. ಹೇಗೇ ಆಗಲಿ, ಎದ್ದ ಕೂಡಲೇ ಗಾಡಿ ಎತ್ತಬೇಡಿ. ಹತ್ತು ಹದಿನೈದು ನಿಮಿಷ ಗಾಡಿಯ ಸುತ್ತ ನಡೆದಾಡಿ, ಟೈರು ನೋಡಿ, ಆಮೇಲೆ ಹತ್ತಿ.

ಇದೂ ಮುಂದಿನ ಒಂದೆರಡು ಗಂಟೆಗೆ ಸಿಗುವ ಸಾಲ ಅಷ್ಟೇ. ವಾರವಿಡೀ ದಿನಕ್ಕೆ ಐದೇ ಗಂಟೆ ಮಲಗಿದವರ ಬಾಕಿ ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ, ಆದರೆ ಮೂರ್ನಾಲ್ಕು ದಿನ ಕಳೆದ ಮೇಲೆ ಅದು ಅವರಿಗೇ ಅನಿಸುವುದಿಲ್ಲ, "ನನಗೆ ಅಭ್ಯಾಸ ಆಗಿದೆ" ಅನ್ನುತ್ತಾರೆ. ಅಭ್ಯಾಸ ಆಗಿರುವುದು ಸುಸ್ತಿಗೆ, ಚುರುಕು ವಾಪಸ್ ಬಂದಿರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕೇ ಬೇಕು.

ಗಡಿಯಾರವನ್ನೂ ನೋಡಿ. ಬೆಳಗಿನ ಜಾವ 2ರಿಂದ 6, ಮಧ್ಯಾಹ್ನ 2ರಿಂದ 4, ಈ ಎರಡು ಹೊತ್ತಿನಲ್ಲಿ ಮೈ ತಾನಾಗಿಯೇ ನಿದ್ದೆ ಕೇಳುತ್ತದೆ. ಚೆನ್ನಾಗಿ ಮಲಗಿ ಎದ್ದವರಿಗೂ ಇದು ತಪ್ಪಿದ್ದಲ್ಲ. ಇನ್ನು ಎಷ್ಟು ಹೊತ್ತಿನಿಂದ ಎಚ್ಚರ ಇದ್ದೀರಿ ಅನ್ನುವುದು ಬೇರೆ ಲೆಕ್ಕ. 17 ಗಂಟೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. 24 ಗಂಟೆ ಆದರೆ ಸುಮಾರು ಶೇ 0.10. ಬೆಳಗ್ಗೆ 6ಕ್ಕೆ ಎದ್ದು ಮನೆಯ ಕೆಲಸವನ್ನೆಲ್ಲ ಮುಗಿಸಿ ರಾತ್ರಿ 10ಕ್ಕೆ ಟ್ರಿಪ್ ಶುರು ಮಾಡುವವರು ಒಂದೇ ಗಂಟೆಯಲ್ಲಿ ಆ 17ಕ್ಕೆ ಬಂದುಬಿಡುತ್ತಾರೆ. ರಾತ್ರಿ ಟ್ರಿಪ್ ಇದ್ದರೆ ಆ ಮಧ್ಯಾಹ್ನ ಮಲಗಲೇಬೇಕು.

ಹಗಲು ಮಲಗುವುದು ಸುಲಭ ಅಲ್ಲ. ಕೋಣೆ ಕತ್ತಲಾಗಿರಲಿ, ಫೋನು ಬೇರೆ ಕೋಣೆಯಲ್ಲಿರಲಿ, ಮಲಗುವ ಮುಂಚಿನ 6 ಗಂಟೆ ಕಾಫಿ ಬೇಡ. ಮನೆಯವರಿಗೂ ಹೇಳಿ. ನೀವು ಮಲಗಿರುವುದು ಸೋಮಾರಿತನ ಅಲ್ಲ, ಅದೂ ಡ್ಯೂಟಿಯ ಒಂದು ಭಾಗ ಅಂತ ಅವರಿಗೆ ಗೊತ್ತಾಗಬೇಕು.

ಎಂಟು ಗಂಟೆ ಮಲಗಿದರೂ ಹಗಲಿಡೀ ಕಣ್ಣು ಎಳೆಯುತ್ತಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಬರುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದರೆ ಡಾಕ್ಟರ್ ಹತ್ತಿರ ಹೋಗಿ. ಅದು ಸ್ಲೀಪ್ ಅಪ್ನಿಯಾ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಶೀತದ ಕೆಲವು ಮಾತ್ರೆಗಳೂ ಮಂಪರು ತರಿಸುತ್ತವೆ. ಡ್ರೈವರ್ ಅಂತ ಹೇಳಿಯೇ ಔಷಧಿ ಕೇಳಿ.

ಈಗ ಆಫೀಸಿನಲ್ಲಿ ಕೂತವರಿಗೆ. ನನ್ನ ಪ್ರಕಾರ ಡ್ರೈವರ್‌ನ ಅರ್ಧ ಸುಸ್ತು ಹುಟ್ಟುವುದು ಡ್ಯೂಟಿ ಚಾರ್ಟಿನಲ್ಲೇ. ಲೋಡು ತುಂಬುವವರೆಗೆ ಐದು ಗಂಟೆ ಕಾದದ್ದನ್ನು ನೀವು ವಿಶ್ರಾಂತಿ ಅಂತ ಬರೆದುಕೊಂಡರೆ ಆ ಚಾರ್ಟ್ ಸುಳ್ಳು, ಯಾಕೆಂದರೆ ಯಾವಾಗ ಕರೆಯುತ್ತಾರೋ ಅಂತ ಕಾಯುತ್ತಾ ಕೂತವನು ಮಲಗಿರುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮ ನೋಡಿ: ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ದಿನಕ್ಕೆ 11 ಗಂಟೆ ವಿಶ್ರಾಂತಿ. ನಿಮ್ಮಲ್ಲಿ ಕಾನೂನು ಏನೇ ಇರಲಿ, ಅದನ್ನು ಕೊನೆಯ ಗಡಿ ಅಂತ ತಿಳಿಯಿರಿ. ದಿನಾ ಆ ಗಡಿಯವರೆಗೆ ಎಳೆಯಬೇಡಿ. ಎರಡು ಡ್ಯೂಟಿಗಳ ನಡುವಿನ ಸಮಯದಲ್ಲೇ ಡ್ರೈವರ್ ಮನೆಗೆ ಹೋಗಬೇಕು, ಊಟ ಮಾಡಬೇಕು, ಸ್ನಾನ ಮಾಡಬೇಕು, ಆಮೇಲೆ ಮಲಗಬೇಕು. 8 ಗಂಟೆ ಬಿಡುವು ಕೊಟ್ಟರೆ 8 ಗಂಟೆ ನಿದ್ದೆ ಸಿಗುವುದಿಲ್ಲ.

ಪಾಳಿ ಬದಲಿಸುವಾಗ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲೇ ಹೋಗಿ. ಉಲ್ಟಾ ಹೋದರೆ ಮೈ ಹೊಂದಿಕೊಳ್ಳಲು ಒದ್ದಾಡುತ್ತದೆ. ಮಲಗಿರುವ ಡ್ರೈವರ್‌ಗೆ "ಎಲ್ಲಿದ್ದೀಯಾ" ಅಂತ ಫೋನ್ ಮಾಡಬೇಡಿ, ಗಾಡಿ ಎಲ್ಲಿದೆ ಅಂತ ಜಿಪಿಎಸ್ ನೋಡಿದರೆ ಸಾಕು.

ಎಲ್ಲಕ್ಕಿಂತ ಮುಖ್ಯ, "ಸರ್, ನಿದ್ದೆ ಬರ್ತಿದೆ, ನಿಲ್ಲಿಸ್ತೀನಿ" ಅಂದವನಿಗೆ ನೀವು ಏನು ಹೇಳುತ್ತೀರಿ ಅನ್ನುವುದು. ಅವನ ದುಡ್ಡು ಕತ್ತರಿಸಿದರೆ, ಮುಂದಿನ ಟ್ರಿಪ್ ಬೇರೆಯವರಿಗೆ ಕೊಟ್ಟರೆ, ಆಮೇಲೆ ಯಾವ ಡ್ರೈವರ್ರೂ ಬಾಯಿ ಬಿಡುವುದಿಲ್ಲ. ತಡವಾದರೆ ಗ್ರಾಹಕರಿಗೆ ತಿಳಿಸುವ ಕೆಲಸ ಆಫೀಸಿನದ್ದು, ಸ್ಟೇರಿಂಗ್ ಹಿಡಿದವನ ತಲೆಗೆ ಅದನ್ನು ಕಟ್ಟಬೇಡಿ. ಈ ಮಾತನ್ನು ಬರಹದಲ್ಲಿ ಕೊಡಿ.

ರಾತ್ರಿ ಪಾಳಿಯ ಆಫೀಸಿನವರು, ಮೆಕ್ಯಾನಿಕ್‌ಗಳು, ಲೋಡ್ ಮಾಡುವವರೂ ಇದೇ ನಿದ್ದೆಯ ಮನುಷ್ಯರು. ಬೆಳಗಿನ ಜಾವದಲ್ಲಿ ಬಿಗಿದ ನಟ್ಟನ್ನು, ಬರೆದ ಲೆಕ್ಕವನ್ನು ಇನ್ನೊಬ್ಬರು ಒಮ್ಮೆ ನೋಡಲಿ. ಪಾಳಿ ಮುಗಿಸಿ ಮನೆಗೆ ಹೊರಡುವ ದಾರಿಯೂ ಅಪಾಯದ್ದೇ. ಆಫೀಸಿನಲ್ಲಿ ಒಂದು ಮಂಚ, ಒಂದು ಫ್ಯಾನು ಇರುವ ಕತ್ತಲೆ ಕೋಣೆ ಮಾಡಿಡಿ. ಕಣ್ಣು ಎಳೆಯುತ್ತಿರುವವರು ಅಲ್ಲೇ ಮಲಗಿ ಎದ್ದು ಆಮೇಲೆ ಬೈಕ್ ಹತ್ತಲಿ.