ಮಗುವಿನ ಏದುಸಿರು: ವಿಡಿಯೊ ಕರೆಗೆ ಮುನ್ನ ಬೆರಳು ಮಡಚಿ ಎಣಿಸಿ

ಎರಡು ವರ್ಷದ ಮಗಳಿಗೆ ಜ್ವರ, ಕೆಮ್ಮು. ರಾತ್ರಿ ಒಂಬತ್ತಾಗಿತ್ತು. ಫೋನಿನಲ್ಲಿ ಕಂಡ ಡಾಕ್ಟರಿಗೆ ನಾನು ಹೇಳಿದ್ದು ಇಷ್ಟೇ: "ಮೇಡಂ, ಉಸಿರು ತುಂಬಾ ಜೋರಾಗಿದೆ." ಅವರು ಕೇಳಿದ್ದೂ ಇಷ್ಟೇ: "ನಿಮಿಷಕ್ಕೆ ಎಷ್ಟು?" ನನ್ನ ಹತ್ತಿರ ಉತ್ತರವಿರಲಿಲ್ಲ. "ಜಾಸ್ತಿನೇ ಇದೆ ಮೇಡಂ" ಅಂದೆ. ಎಣಿಸೋಣವೆಂದು ಅಂಗಿ ಎತ್ತಿದರೆ ಮಗಳು ಅಳಲು ಶುರು ಮಾಡಿದಳು. ಅಳುವ ಮಗುವಿನ ಉಸಿರು ಎಣಿಸಿ ಏನೂ ಉಪಯೋಗವಿಲ್ಲ. ಅವಳು ಸುಮ್ಮನಾಗುವ ಹೊತ್ತಿಗೆ ಕರೆ ಕಡಿದುಹೋಗಿತ್ತು.

ಫೋನಿನ ಮೂಲಕ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಡಲು ಆಗುವುದಿಲ್ಲ. ನೀವು ಎಣಿಸಿದ ಸಂಖ್ಯೆ, ನೀವು ತೆಗೆದ ವಿಡಿಯೊ ನೋಡಿಯೇ ಡಾಕ್ಟರು ತೀರ್ಮಾನಕ್ಕೆ ಬರಬೇಕು. ಅದಕ್ಕೆ ಕರೆಗೆ ಮುಂಚೆ ಕಾಲು ಗಂಟೆ ತಯಾರಿ ಬೇಕು.

ಕರೆ ಮಾಡುತ್ತಾ ಕೂರಬಾರದ ಹೊತ್ತು

ಮೊದಲು ಇದನ್ನು ನೋಡಿ. ಕೆಳಗಿನ ಯಾವುದೇ ಒಂದು ಕಂಡರೂ ವಿಡಿಯೊ ಕರೆಯ ಯೋಚನೆ ಬಿಟ್ಟು ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ತುಟಿ, ನಾಲಿಗೆ ನೀಲಿಗಟ್ಟಿದೆ ಅಥವಾ ಬೂದಿ ಬಣ್ಣಕ್ಕೆ ತಿರುಗಿದೆ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗಿನ ಭಾಗ ಗುಳಿ ಬೀಳುತ್ತಿದೆ. ಪ್ರತಿ ಉಸಿರಿಗೂ ನರಳುತ್ತಿದೆ. ಸುಮ್ಮನೆ ಮಲಗಿರುವಾಗಲೂ ಉಸಿರು ಎಳೆದಾಗ ಗಂಟಲಿನಿಂದ ಕರ್ಕಶ ಶಬ್ದ ಬರುತ್ತಿದೆ. ಹಾಲು, ನೀರು ಕುಡಿಯಲು ಆಗುತ್ತಿಲ್ಲ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ. ಎಬ್ಬಿಸಿದರೂ ಏಳದಷ್ಟು ಮಂಕಾಗಿದೆ. ಫಿಟ್ಸ್ ಬಂದಿದೆ. ಉಸಿರು ನಡುನಡುವೆ ನಿಲ್ಲುತ್ತಿದೆ.

ಇನ್ನೆರಡು ಸಂದರ್ಭಗಳನ್ನು ಜನ ಮರೆಯುತ್ತಾರೆ. ಒಂದು, ಎರಡು ತಿಂಗಳು ತುಂಬದ ಕೂಸು. ಅದಕ್ಕೆ ವೇಗದ ಉಸಿರು ಇದ್ದರೂ ಸರಿ, ಬರೀ ಜ್ವರ ಇದ್ದರೂ ಸರಿ, ನೇರ ಆಸ್ಪತ್ರೆಗೆ. ಇನ್ನೊಂದು, ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಏದುಸಿರು ಬಿಡುವುದು. ಕಡಲೆಬೀಜವೋ ಗುಂಡಿಯೋ ಉಸಿರಿನ ನಾಳಕ್ಕೆ ಹೋಗಿರಬಹುದು. ಅದನ್ನು ಫೋನಿನಲ್ಲಿ ತೆಗೆಯಲು ಆಗುವುದಿಲ್ಲ ಅಲ್ವಾ?

ಎಣಿಸುವುದು ಹೇಗೆ

ಇವು ಯಾವುವೂ ಇಲ್ಲ ಎಂದಾದರೆ ಎಣಿಸಲು ಕುಳಿತುಕೊಳ್ಳಿ. ಮಗು ನಿದ್ದೆಯಲ್ಲಿದ್ದರೆ ಒಳ್ಳೆಯದು, ಇಲ್ಲವಾದರೆ ಮಡಿಲಲ್ಲಿ ಸುಮ್ಮನಿರಬೇಕು. ಅತ್ತ ಮೇಲೆ, ಓಡಾಡಿದ ಮೇಲೆ, ಹಾಲು ಕುಡಿಯುವಾಗ ಬೇಡ. ಅಂಗಿಯನ್ನು ಮೆಲ್ಲಗೆ ಎದೆಯವರೆಗೆ ಸರಿಸಿ. ಚಿಕ್ಕ ಮಕ್ಕಳಲ್ಲಿ ಎದೆಗಿಂತ ಹೊಟ್ಟೆ ಏರಿಳಿಯುವುದು ಚೆನ್ನಾಗಿ ಕಾಣುತ್ತದೆ. ಒಮ್ಮೆ ಏರಿ ಇಳಿದರೆ ಒಂದು ಉಸಿರು.

ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸುಲಭ, ಆದರೆ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಒಂದಷ್ಟು ಹೊತ್ತು ಬೇಗ, ಆಮೇಲೆ ನಿಧಾನ. ಹದಿನೈದು ಸೆಕೆಂಡಿನಲ್ಲಿ ಎರಡು ತಪ್ಪಿದರೆ ಕೊನೆಗೆ ಎಂಟು ತಪ್ಪುತ್ತದೆ.

ಕನ್ನಡದಲ್ಲಿ ಎಣಿಸುವವರಿಗೆ ಇನ್ನೊಂದು ತೊಂದರೆ ಇದೆ. ನಾನೇ ಸಿಕ್ಕಿಬಿದ್ದದ್ದು. ಇಪ್ಪತ್ತರವರೆಗೆ ಏನೂ ತೊಂದರೆಯಿಲ್ಲ. "ಇಪ್ಪತ್ತೇಳು, ಇಪ್ಪತ್ತೆಂಟು" ಅನ್ನುವಷ್ಟರಲ್ಲಿ ಮಗು ಮುಂದಿನ ಉಸಿರು ಎಳೆದುಬಿಟ್ಟಿರುತ್ತದೆ. "ಮೂವತ್ತೊಂಬತ್ತು" ಹೇಳುವ ಹೊತ್ತಿಗೆ ಲೆಕ್ಕ ತಪ್ಪಿರುತ್ತದೆ. ಅದಕ್ಕೆ ಒಂದರಿಂದ ಹತ್ತು ಮಾತ್ರ ಎಣಿಸಿ. ಹತ್ತಾದಾಗ ಒಂದು ಬೆರಳು ಮಡಚಿ, ಮತ್ತೆ ಒಂದರಿಂದ ಶುರು ಮಾಡಿ. ಗಡಿಯಾರ ನೋಡುವ ಕೆಲಸ ಇನ್ನೊಬ್ಬರಿಗೆ ಕೊಡಿ. "ಶುರು", "ಸಾಕು" ಎಂದು ಅವರು ಹೇಳಲಿ. ಒಬ್ಬರೇ ಇದ್ದರೆ ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಡಿ, ಆದರೆ ಶಬ್ದ ಕಡಿಮೆ ಇರಲಿ. ಮಗು ಬೆಚ್ಚಿಬಿದ್ದರೆ ಮತ್ತೆ ಮೊದಲಿನಿಂದ!

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಬೆರಳಿಗೆ ಹೊಂದಿಕೊಳ್ಳುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಆರು ಬೆರಳು, ಅಂದರೆ ನಿಮಿಷಕ್ಕೆ 60 ಅಥವಾ ಜಾಸ್ತಿ ಆದರೆ ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದೊಳಗೆ ಐದು ಬೆರಳು, 50. ಒಂದರಿಂದ ಐದು ವರ್ಷದೊಳಗೆ ನಾಲ್ಕು ಬೆರಳು, 40. ದೊಡ್ಡ ಮಕ್ಕಳಿಗೆ ಈ ಲೆಕ್ಕ ಹಾಕಬೇಡಿ, ಸಂಖ್ಯೆಯನ್ನು ಹಾಗೇ ಡಾಕ್ಟರಿಗೆ ಹೇಳಿ.

ಒಂದು ಸಲ ಎಣಿಸಿ ಬಿಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಸಮಯ, ಸಂಖ್ಯೆ, ಆಗ ಜ್ವರ ಎಷ್ಟಿತ್ತು ಎಂದು ಬರೆದಿಡಿ. ಜ್ವರ ಏರಿದಾಗ ಉಸಿರೂ ಏರುತ್ತದೆ. "ಎಂಟು ಗಂಟೆಗೆ 52, ಜ್ವರ 102. ಒಂಬತ್ತಕ್ಕೆ ಜ್ವರ 99, ಉಸಿರು ಇನ್ನೂ 48" ಎಂದರೆ ಡಾಕ್ಟರಿಗೆ ಅರ್ಧ ವಿಷಯ ತಿಳಿದಂತೆಯೇ. ಆಶಾ ಕಾರ್ಯಕರ್ತೆ ಹತ್ತಿರದಲ್ಲಿದ್ದರೆ ಕರೆಯಿರಿ. ಉಸಿರು ಎಣಿಸುವ ತರಬೇತಿ ಅವರಿಗೆ ಇರುತ್ತದೆ.

ಒಂದು ನಿಮಿಷದ ವಿಡಿಯೊ

ಮಲೆನಾಡಿನ ಕಡೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಜ್ವರ ಬಂದ ಮಗುವನ್ನು ಎತ್ತಿಕೊಂಡು ಗುಡ್ಡ ಹತ್ತುವುದು ಎಲ್ಲಿಯ ಮಾತು! ಪೇಟೆಯಲ್ಲೂ ಕರೆಯ ನಡುವೆ ಚಿತ್ರ ನಿಂತುಹೋಗುವುದು ಮಾಮೂಲು. ಹಾಗಾಗಿ ಮಗು ಶಾಂತವಾಗಿರುವಾಗಲೇ ವಿಡಿಯೊ ತೆಗೆದಿಡಿ. ಕಿಟಕಿಯ ಬೆಳಕು ಮಗುವಿನ ಮೇಲೆ ಬೀಳಲಿ, ನಿಮ್ಮ ಬೆನ್ನು ಕಿಟಕಿಗೆ ಇರಲಿ. ಕುತ್ತಿಗೆಯಿಂದ ಹೊಕ್ಕುಳವರೆಗೆ ಕಾಣಬೇಕು. ಆಮೇಲೆ ಮುಖದ ಕಡೆ ಬನ್ನಿ, ಮೂಗಿನ ಹೊಳ್ಳೆ ಅರಳುತ್ತಿದೆಯೇ ಎಂಬುದು ಗೊತ್ತಾಗಲಿ. ಟಿವಿ, ಫ್ಯಾನ್ ಆರಿಸಿ, ಆಗ ಉಸಿರಿನ ಶಬ್ದವೂ ಕೇಳುತ್ತದೆ. ಕೈ ನಡುಗದಂತೆ ಫೋನನ್ನು ದಿಂಬಿಗೆ ಒರಗಿಸಿ.

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ, ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಲ್ಲಿ ಇರಬಹುದು. ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಕಾಲಿನ ಹೆಬ್ಬೆರಳಿಗೆ ಹಾಕಿ ನೋಡಬಹುದು. ಕಾಲು ಬೆಚ್ಚಗಿರಲಿ, ಉಗುರಿಗೆ ಬಣ್ಣ, ಮದರಂಗಿ ಬೇಡ. ಸಂಖ್ಯೆ ನಿಲ್ಲುವವರೆಗೆ ಕಾಯಿರಿ. 94ಕ್ಕಿಂತ ಕೆಳಗೇ ಇದ್ದರೆ ಆಸ್ಪತ್ರೆಗೆ ಹೋಗಿ. ಆದರೆ 98 ತೋರಿಸಿತು ಎಂದು ಪಕ್ಕೆ ಗುಳಿ ಬೀಳುತ್ತಿರುವ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ಚೀಟಿಯಲ್ಲಿ ಏನಿರಬೇಕು

ತಾಯಿ ಕಾರ್ಡ್ ಹತ್ತಿರ ಇಟ್ಟುಕೊಳ್ಳಿ, ಲಸಿಕೆ ವಿವರ ಅದರಲ್ಲೇ ಇರುತ್ತದೆ. ತೂಕ ಇವತ್ತಿನದೇ ಬೇಕು, ಔಷಧದ ಲೆಕ್ಕವೆಲ್ಲ ಅದರ ಮೇಲೆ. ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಸಾಕು. ಎಂದಿನಿಂದ ಹೀಗಿದೆ, ಕೊನೆಯ ಸಲ ಹಾಲು ಕುಡಿದದ್ದು ಯಾವಾಗ, ಉಚ್ಚೆ ಹೊಯ್ದದ್ದು ಯಾವಾಗ, ಭೇದಿ ಇದೆಯೇ ಎಂದೂ ಬರೆಯಿರಿ. ವೇಗದ ಉಸಿರೆಂದರೆ ಕಫವೇ ಆಗಿರಬೇಕಿಲ್ಲ. ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗಲೂ ಮಕ್ಕಳು ಏದುಸಿರು ಬಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ, ಮಗುವಿಗೆ ಹಿಂದೆ ಹೀಗಾಗಿತ್ತೇ ಎಂಬುದೂ ಇರಲಿ.

ಕೊಟ್ಟ ಔಷಧದ ಬಾಟಲಿಗಳನ್ನೇ ಎದುರಿಗಿಟ್ಟುಕೊಳ್ಳಿ. "ಅರ್ಧ ಮುಚ್ಚಳ ಕೊಟ್ಟೆ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಪ್ಯಾರಾಸಿಟಮಾಲ್ ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 125 ಅಥವಾ 250. ಹೆಸರು ಒಂದೇ, ಗಟ್ಟಿತನ ಬೇರೆ. ಲೇಬಲ್ಲನ್ನು ಕ್ಯಾಮೆರಾಗೆ ತೋರಿಸಿಬಿಡಿ. ಪಕ್ಕದ ಮನೆಯ ನೆಬ್ಯುಲೈಸರ್ ಹಿಡಿದದ್ದು, ಹೋದ ಸಲ ಉಳಿದ ಆ್ಯಂಟಿಬಯೋಟಿಕ್ ಕೊಟ್ಟದ್ದು, ಅಜ್ಜಿ ಬಜೆ ತೇದು ನೆಕ್ಕಿಸಿದ್ದು, ಎಲ್ಲವನ್ನೂ ಹೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಸಾಂಬ್ರಾಣಿ ಹೊಗೆ ಮಾತ್ರ ಯಾರು ಹೇಳಿದರೂ ಬೇಡ, ಉಸಿರಿಗೆ ಒದ್ದಾಡುವ ಮಗುವಿಗೆ ಹೊಗೆ ಇನ್ನೂ ಕಷ್ಟ.

ಕರೆಯ ಹೊತ್ತಿಗೆ

ನಿಮ್ಮ ಡಾಕ್ಟರು ಸಿಗದಿದ್ದರೆ ಫೋನಿನಲ್ಲೇ ಡಾಕ್ಟರನ್ನು ಕಾಣಲು ಕೇಂದ್ರ ಸರ್ಕಾರದ ಇ-ಸಂಜೀವನಿ ಸೇವೆ ಇದೆ, ದುಡ್ಡು ಕೊಡಬೇಕಿಲ್ಲ. ಮೊಬೈಲ್ ನಂಬರಿಗೆ ಬರುವ ಒಟಿಪಿ ಹಾಕಿ, ಮಗುವಿನ ವಿವರ ತುಂಬಿ, ಸರದಿಗೆ ಕಾಯಬೇಕು. ಒಪಿಡಿ ಸಮಯವನ್ನು ಮೊದಲೇ ನೋಡಿಕೊಳ್ಳಿ. ಕಾಯುವಾಗ ಮೇಲೆ ಹೇಳಿದ ಅಪಾಯದ ಲಕ್ಷಣ ಕಂಡರೆ ಸರದಿ ಬಿಟ್ಟು ಹೊರಡಿ. ವಿಡಿಯೊ ಕರೆಯನ್ನೇ ಆರಿಸಿ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ನಿಯಮದಂತೆ, ಮೊದಲ ಸಲ ನೋಡುವ ಡಾಕ್ಟರು ಬರೀ ಮಾತಿನ ಕರೆಯಲ್ಲಿ ಬರೆಯಬಹುದಾದ ಔಷಧಗಳು ಕಡಿಮೆ. ಮಗುವಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ಫೋನ್ ಚಾರ್ಜ್ ಇರಲಿ, ಕರೆಂಟ್ ಯಾವಾಗ ಹೋಗುತ್ತದೋ. ಮಾತು ಶುರುವಾದ ಕೂಡಲೇ ವಯಸ್ಸು, ತೂಕ, ಉಸಿರಿನ ಸಂಖ್ಯೆ ಹೇಳಿಬಿಡಿ. ಉಳಿದ ಕಥೆ ಆಮೇಲೆ. ಒಬ್ಬರು ಮಾತಾಡಿ, ಇನ್ನೊಬ್ಬರು ಮಗುವನ್ನು ಹಿಡಿದುಕೊಳ್ಳಿ. ಹಿಂದಿನಿಂದ ಮೂರು ಜನ ಸೇರಿಸಿ ಹೇಳಿದರೆ ಡಾಕ್ಟರಿಗೆ ಒಂದೂ ಕೇಳಿಸುವುದಿಲ್ಲ.

ಕರೆ ಮುಗಿಸುವ ಮೊದಲು ಎರಡು ಪ್ರಶ್ನೆ ಕೇಳಿ ಬರೆದುಕೊಳ್ಳಿ: "ಮತ್ತೆ ಯಾವಾಗ ಎಣಿಸಬೇಕು? ಎಷ್ಟಾದರೆ ಆಸ್ಪತ್ರೆಗೆ ಬರಬೇಕು?" ಆ ಚೀಟಿ ಫ್ರಿಜ್ಜಿನ ಬಾಗಿಲ ಮೇಲಿರಲಿ. ನಮ್ಮನೆಯಲ್ಲಿ ಆ ರಾತ್ರಿ ಎರಡನೇ ಕರೆಗೆ ನಾಲ್ಕು ಬೆರಳು ಮಡಚಿ, ಮೇಲೆ ಆರು ಎಣಿಸಿದ್ದೆ. "46 ಮೇಡಂ" ಅಂದೆ. "ಕರ್ಕೊಂಡು ಬನ್ನಿ, ಎದೆ ಕೇಳಿ ನೋಡಬೇಕು" ಅಂದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.